ಲೆಕ್ಕ ಬರೆಯುವವರ ಸಂಬಳದ ಲೆಕ್ಕ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನವೇ ಅನೇಕ ಮನೆಗಳಲ್ಲಿ ಪುಟ್ಟದೊಂದು ಪಂಚಾಯಿತಿ ಸೇರುತ್ತದೆ. ಅಪ್ಪನಿಗೆ ಸೈನ್ಸ್ ಆಗಬೇಕು, ಅಮ್ಮನಿಗೆ ಮಗಳು ದೂರ ಹೋಗದೆ ಓದಿದರೆ ಸಾಕು. ಮಗಳು 'ಕಾಮರ್ಸ್ ತಗೊಂಡು ಸಿ.ಎ. ಮಾಡ್ತೀನಿ' ಎಂದರೆ ಅಜ್ಜಂದಿರು ಕನ್ನಡಕ ತೆಗೆದು ಕೇಳುವ ಪ್ರಶ್ನೆ ಒಂದೇ: 'ಅದನ್ನ ಓದಿದ್ರೆ ಸಂಬಳ ಎಷ್ಟು ಬರುತ್ತಮ್ಮಾ?'

ಪ್ರಶ್ನೆ ತಪ್ಪಲ್ಲ. ಆದರೆ ಅದು ಅರ್ಧ ಪ್ರಶ್ನೆ. ಎಷ್ಟು ಎಂಬುದರ ಜೊತೆಗೆ ಯಾವ ವಯಸ್ಸಿನಿಂದ, ವರ್ಷಕ್ಕೆ ಎಷ್ಟು ಏರಿಕೆ, ಎಲ್ಲಿಯವರೆಗೆ ಎಂದೂ ಕೇಳಬೇಕು. ಲೆಕ್ಕ ಬರೆಯುವ ವೃತ್ತಿಯಲ್ಲಂತೂ ಈ ಉಳಿದರ್ಧವೇ ದೊಡ್ಡದು. ಒಂದು ಪೆನ್ಸಿಲು, ಒಂದು ಹಾಳೆ ಹಿಡಿದುಕೊಂಡೇ ಈ ಲೇಖನ ಓದಿ ಮಕ್ಕಳೇ. ಅಜ್ಜ-ಅಜ್ಜಿಯನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಕಡತ ಹಿಡಿದವರ ಕಾಲ

'ಕಡತ ವಿಲೇವಾರಿ ಆಗಿಲ್ಲ' ಎಂದು ಪತ್ರಿಕೆಯಲ್ಲಿ ಓದಿರುತ್ತೀರಿ. ಕಡತ ಎಂದರೆ ಈಗ ಕಚೇರಿಯ ಫೈಲು. ಹಿಂದೆ ಕಡತವೆಂದರೆ ಬಟ್ಟೆಯ ಪುಸ್ತಕ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಿನ ಪುಡಿ ಬಳಿದು ಒಣಗಿಸಿದರೆ ಅದು ಸ್ಲೇಟಿನಂತೆ ಕಪ್ಪಗೆ ಗಟ್ಟಿಯಾಗುತ್ತಿತ್ತು. ಅದನ್ನು ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದರು. ತಪ್ಪಾದರೆ ಒರೆಸಬಹುದು, ಒರೆಸದಿದ್ದರೆ ತಲೆಮಾರುಗಟ್ಟಲೆ ಉಳಿಯುತ್ತದೆ. ಅದನ್ನು ಬಗಲಲ್ಲಿ ಇಟ್ಟುಕೊಂಡು ಊರಿನ ಹೊಲ, ಕಂದಾಯ, ಬಾಕಿ ಎಲ್ಲವನ್ನೂ ಬರೆದಿಡುತ್ತಿದ್ದವರು ಶ್ಯಾನುಭೋಗರು. ಉತ್ತರ ಕರ್ನಾಟಕದಲ್ಲಿ ಕುಲಕರ್ಣಿಗಳು. ಇಂದಿಗೂ ಇವು ಮನೆತನದ ಹೆಸರುಗಳಾಗಿ ಉಳಿದಿವೆ.

ಅವರ ಸಂಬಳ ಎಷ್ಟು? ಇಲ್ಲೇ ಇದೆ ಸ್ವಾರಸ್ಯ. ತಿಂಗಳ ಕೊನೆಗೆ ಎಣಿಸಿಕೊಳ್ಳುವ ಸಂಬಳಕ್ಕಿಂತ ಇನಾಮು ಜಮೀನೇ ಮುಖ್ಯ. ಕೆಲಸ ಅಪ್ಪನಿಂದ ಮಗನಿಗೆ ಹೋಗುತ್ತಿತ್ತು, ಜಮೀನೂ ಅದರ ಹಿಂದೆಯೇ ಹೋಗುತ್ತಿತ್ತು. ಊರಿನ ಬೇರೆ ಯಾವ ಹುಡುಗ ಎಷ್ಟೇ ಚೆನ್ನಾಗಿ ಲೆಕ್ಕ ಮಾಡಿದರೂ ಆ ಕಡತ ಅವನ ಕೈಗೆ ಬರುವಂತಿರಲಿಲ್ಲ. 1961ರಲ್ಲಿ ಮೈಸೂರು ರಾಜ್ಯದ ಶಾಸನಸಭೆ ಗ್ರಾಮಾಧಿಕಾರ ರದ್ದಿಯಾತಿ ಕಾಯ್ದೆ ಮಾಡಿತು. 1963ರಲ್ಲಿ ಅದು ಜಾರಿಗೆ ಬಂದು ವಂಶಪಾರಂಪರ್ಯದ ಶಾನುಭೋಗಿಕೆ ಕೊನೆಗೊಂಡಿತು. ಅವರ ಜಾಗಕ್ಕೆ ಸರ್ಕಾರಿ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಅವರಿಗೆ ಈಗ ಗ್ರಾಮ ಆಡಳಿತ ಅಧಿಕಾರಿ ಎಂಬ ಹೆಸರು. ಎಪ್ಪತ್ತೈದು ದಾಟಿದ ಅಜ್ಜ ಮನೆಯಲ್ಲಿದ್ದರೆ ಕೇಳಿ ನೋಡಿ, ಈ ಬದಲಾವಣೆಯನ್ನು ಅವರು ಹುಡುಗರಾಗಿದ್ದಾಗ ಕಣ್ಣಾರೆ ಕಂಡಿರಬಹುದು.

ಇನ್ನೂ ಹಿಂದಕ್ಕೆ ಹೋದರೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸಂಬಳದ ಪಟ್ಟಿಯೇ ಇದೆ. ಮಂತ್ರಿ, ಪುರೋಹಿತ, ಸೇನಾಪತಿ, ಯುವರಾಜ ಇವರಿಗೆಲ್ಲ 48,000 ಪಣ. ಕಂದಾಯ ವಸೂಲಿಯ ಮುಖ್ಯಸ್ಥನಾದ ಸಮಾಹರ್ತೃವಿಗೆ 24,000. ಲೆಕ್ಕ ಬರೆಯುವ ಸಂಖ್ಯಾಯಕ, ಬರಹಗಾರನಾದ ಲೇಖಕ ಇವರಿಗೆ 500 ಪಣ. ತೀರ ಕೆಳಗಿನ ಆಳಿಗೆ 60. ಈಗ ಪೆನ್ಸಿಲ್ ತೆಗೆದುಕೊಳ್ಳಿ: 48,000ವನ್ನು 500ರಿಂದ ಭಾಗಿಸಿದರೆ 96. ಮಂತ್ರಿಯ ಸಂಬಳ ಲೆಕ್ಕಿಗನದಕ್ಕಿಂತ 96 ಪಟ್ಟು! ಇಂದು ಕೇಂದ್ರ ಸರ್ಕಾರದಲ್ಲಿ ಅತಿ ಹೆಚ್ಚಿನ ಮೂಲ ವೇತನ 2,50,000 ರೂಪಾಯಿ, ಅತಿ ಕಡಿಮೆ 18,000. ಲೆಕ್ಕಪತ್ರ ಇಲಾಖೆಯ ಆಡಿಟರ್ ಹುದ್ದೆಗೆ ಆರಂಭದಲ್ಲಿ 29,200. ಭಾಗಿಸಿ ನೋಡಿದರೆ ಎಂಟೂವರೆ ಪಟ್ಟು. ಎರಡು ಸಾವಿರ ವರ್ಷಗಳಲ್ಲಿ ಲೆಕ್ಕಿಗನ ಸ್ಥಿತಿ ಸಾಕಷ್ಟು ಸುಧಾರಿಸಿದೆ ಅಂತಲೇ ಹೇಳಬೇಕು.

ಸಿ.ಎ. ಎಂಬ ಎರಡಕ್ಷರ

ಚಾರ್ಟರ್ಡ್ ಅಕೌಂಟೆಂಟ್ ಎನ್ನುವ ಹೆಸರು ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲಿ. 1854ರಲ್ಲಿ ಎಡಿನ್‌ಬರೋದ ಲೆಕ್ಕಿಗರು ಸಂಘ ಕಟ್ಟಿಕೊಂಡು ರಾಣಿಯಿಂದ ಸನ್ನದು ಪಡೆದರು. ಅದಕ್ಕೇ ಕನ್ನಡದಲ್ಲಿ ಸನ್ನದು ಲೆಕ್ಕಿಗ ಎನ್ನುವುದು. ನಮ್ಮಲ್ಲಿ 1949ರ ಜುಲೈ 1ರಂದು ಇದಕ್ಕಾಗಿಯೇ ಕಾಯ್ದೆಯಡಿ ಒಂದು ಸಂಸ್ಥೆ ಆರಂಭವಾಯಿತು. ಆಗ ಸದಸ್ಯರು ಸುಮಾರು 1,700, ಈಗ ಸುಮಾರು ನಾಲ್ಕು ಲಕ್ಷ. ಜಿ.ಎಸ್.ಟಿ. ಜಾರಿಯಾಗಿದ್ದೂ ಜುಲೈ 1ರಂದೇ, 2017ರಲ್ಲಿ. ಆ ದಿನ ಹುಟ್ಟುಹಬ್ಬಕ್ಕೆ ಎಷ್ಟೊಂದು ಕೆಲಸ ಉಡುಗೊರೆಯಾಗಿ ಬಂತೆಂದು ಯಾವ ಸಿ.ಎ.ಯನ್ನು ಬೇಕಾದರೂ ಕೇಳಿ!

ಹೆಣ್ಣುಮಕ್ಕಳು ಇಲ್ಲೊಂದು ಹೆಸರು ನೆನಪಿಟ್ಟುಕೊಳ್ಳಿ: ಆರ್. ಶಿವಭೋಗಂ. ಮದರಾಸಿನವರು. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೆ ಹೋಗಿ ಬಂದು, 1933ರಲ್ಲಿ ಲೆಕ್ಕಶಾಸ್ತ್ರದ ಪರೀಕ್ಷೆ ಪಾಸು ಮಾಡಿ, ಈ ಅರ್ಹತೆ ಪಡೆದ ದೇಶದ ಮೊದಲ ಮಹಿಳೆ ಎನಿಸಿಕೊಂಡರು.

ಸಿ.ಎ. ಓದಿಗೆ ದೊಡ್ಡ ಕಟ್ಟಡದ ಕಾಲೇಜು ಇಲ್ಲ, ಡೊನೇಷನ್ನೂ ಇಲ್ಲ. ಸಂಸ್ಥೆಗೆ ಕಟ್ಟುವ ಶುಲ್ಕ ವೈದ್ಯಕೀಯ, ಎಂಜಿನಿಯರಿಂಗ್ ಶುಲ್ಕದ ಮುಂದೆ ಏನೂ ಅಲ್ಲ. ಪಿಯುಸಿ ಆದ ಮೇಲೆ ಫೌಂಡೇಶನ್, ಆಮೇಲೆ ಇಂಟರ್‌ಮೀಡಿಯೆಟ್, ನಂತರ ಒಬ್ಬ ಸಿ.ಎ. ಕೈಕೆಳಗೆ ಆರ್ಟಿಕಲ್‌ಶಿಪ್ ಎಂಬ ತರಬೇತಿ, ಕೊನೆಗೆ ಫೈನಲ್. ತರಬೇತಿ ಮೊದಲು ಮೂರು ವರ್ಷ ಇತ್ತು, 2023ರ ಹೊಸ ಕ್ರಮದಲ್ಲಿ ಎರಡಕ್ಕೆ ಇಳಿದಿದೆ.

ಹಾಗಾದರೆ ಖರ್ಚು ಎಲ್ಲಿ? ವರ್ಷಗಳಲ್ಲಿ. ಇಂಟರ್, ಫೈನಲ್‌ಗಳಲ್ಲಿ ಒಂದೊಂದು ಪತ್ರಿಕೆಯಲ್ಲೂ ಕನಿಷ್ಠ 40 ಅಂಕ ಬರಬೇಕು, ಅದೂ ಸಾಲದು, ಗುಂಪಿನ ಒಟ್ಟು ಅಂಕ ಶೇಕಡ 50 ಆಗಬೇಕು. ಮೂರು ಪತ್ರಿಕೆಗಳಲ್ಲಿ 70, 68, 39 ಬಂದರೆ ಒಟ್ಟು 177, ಅಂದರೆ ಶೇಕಡ 59. ಆದರೂ ಫೇಲು! 2024ರ ಮೇ ತಿಂಗಳ ಫೈನಲ್‌ನಲ್ಲಿ ಎರಡೂ ಗುಂಪು ಒಟ್ಟಿಗೆ ಬರೆದವರಲ್ಲಿ ತೇರ್ಗಡೆಯಾದವರು ಶೇಕಡ 19.88. ನೂರು ಮಂದಿ ಬರೆದರೆ ಎಂಬತ್ತು ಮಂದಿ ಮತ್ತೆ ಬರೆಯಬೇಕು. ಹಲವರು ಮೂರು, ನಾಲ್ಕು, ಐದು ಸಲ ಬರೆಯುತ್ತಾರೆ. ನೆಂಟರ ಮದುವೆಗಳಲ್ಲಿ 'ಇನ್ನೂ ಓದ್ತಾನೇ ಇದ್ದೀಯಾ?' ಎಂದು ಕೇಳಿಸಿಕೊಳ್ಳುವುದು ಇವರೇ. ದಯವಿಟ್ಟು ಹಾಗೆ ಕೇಳಬೇಡಿ.

ತರಬೇತಿ ಕಾಲದಲ್ಲಿ ಸ್ಟೈಪೆಂಡ್ ಸಿಗುತ್ತದೆ. 2020ರಲ್ಲಿ ಹೆಚ್ಚಿಸಿದ ದರದಂತೆ, 20 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ಊರಿನಲ್ಲಿ ಮೊದಲ ವರ್ಷ ತಿಂಗಳಿಗೆ ಕನಿಷ್ಠ 4,000 ರೂಪಾಯಿ, ನಾಲ್ಕು ಲಕ್ಷದೊಳಗಿನ ಊರಿನಲ್ಲಿ 2,000. ದೊಡ್ಡ ಸಂಸ್ಥೆಗಳು ಇದಕ್ಕಿಂತ ಹೆಚ್ಚು ಕೊಡುತ್ತವೆ, ಅದು ಬೇರೆ ಮಾತು. ಬೆಂಗಳೂರಿನಲ್ಲಿ ಪಿ.ಜಿ. ಬಾಡಿಗೆಗೂ ಸಾಲದ ಈ ಹಣದಲ್ಲಿ ಹಾಸನದಿಂದಲೋ ಹಾವೇರಿಯಿಂದಲೋ ಬಂದ ಹುಡುಗ ಹೇಗೆ ಬದುಕುತ್ತಾನೆ? ಮನೆಯಿಂದ ಹಣ ಬರಬೇಕು. ಕಡಿಮೆ ಶುಲ್ಕದ ಓದು ಎನ್ನುವಾಗ ಈ ಕಾಣದ ಖರ್ಚನ್ನು ಸೇರಿಸದೆ ಹೋದರೆ ಲೆಕ್ಕ ತಪ್ಪುತ್ತದೆ.

ಅಕ್ಕ ತಂಗಿಯ ಓಟ

ಈಗ ದೊಡ್ಡ ಲೆಕ್ಕ. ಇಬ್ಬರು ಅಕ್ಕತಂಗಿಯರು, ಅವಳಿಜವಳಿ ಎಂದಿಟ್ಟುಕೊಳ್ಳೋಣ. ಇಬ್ಬರೂ ಒಟ್ಟಿಗೆ ಪಿಯುಸಿ ಮುಗಿಸಿದರು.

ಅಕ್ಕ ಬಿ.ಕಾಂ. ಮುಗಿಸಿ, ಒಂದು ವರ್ಷ ಸ್ಪರ್ಧಾತ್ಮಕ ಪರೀಕ್ಷೆಗೆ ಓದಿ, 22ನೇ ವಯಸ್ಸಿಗೆ ಕೇಂದ್ರ ಸರ್ಕಾರದ ಆಡಿಟರ್ ಆದಳು. ಮೂಲ ವೇತನ 29,200. 2024ರ ಆರಂಭದಲ್ಲಿದ್ದಂತೆ ತುಟ್ಟಿಭತ್ಯೆ ಶೇಕಡ 50, ಅಂದರೆ 14,600. ಬೆಂಗಳೂರಿನಲ್ಲಿದ್ದರೆ ಮನೆಬಾಡಿಗೆ ಭತ್ಯೆ ಶೇಕಡ 30, ಅಂದರೆ 8,760. ಒಟ್ಟು 52,560. ಸುಲಭಕ್ಕಾಗಿ ತಿಂಗಳಿಗೆ 50,000, ವರ್ಷಕ್ಕೆ 6 ಲಕ್ಷ ಎಂದು ಹಿಡಿಯೋಣ. ವರ್ಷಕ್ಕೊಮ್ಮೆ ಶೇಕಡ 3ರ ಬಡ್ತಿ, ಅದರ ಮೇಲೆ ತುಟ್ಟಿಭತ್ಯೆ ಏರಿಕೆ, ಒಟ್ಟು ಶೇಕಡ 6 ಇರಲಿ.

ತಂಗಿ ಸಿ.ಎ. ಹಾದಿ ಹಿಡಿದಳು. ಒಂದೆರಡು ಸಲ ಎಡವಿ 25ಕ್ಕೆ ಪಾಸಾದಳು. ತರಬೇತಿಯಲ್ಲಿ ಒಟ್ಟು 2 ಲಕ್ಷ ಸಿಕ್ಕಿತು ಎನ್ನೋಣ. ಮೊದಲ ಕೆಲಸ ವರ್ಷಕ್ಕೆ 9 ಲಕ್ಷದ್ದು, ಏರಿಕೆ ಶೇಕಡ 10. ಅಕ್ಕನ ಆರಂಭದ ಸಂಬಳ ಸರ್ಕಾರದ ಪಟ್ಟಿಯದು. ತಂಗಿಯದು ಲೆಕ್ಕಕ್ಕಾಗಿ ನಾನು ಹಿಡಿದದ್ದು, ನೀವು ಬೇರೆ ಸಂಖ್ಯೆ ಹಾಕಿಯೂ ನೋಡಬಹುದು.

ತಂಗಿ ಕೆಲಸಕ್ಕೆ ಸೇರುವ ದಿನ ಅಕ್ಕ ಆಗಲೇ ಮೂರು ವರ್ಷದಲ್ಲಿ 19 ಲಕ್ಷ ಗಳಿಸಿದ್ದಾಳೆ. ತಂಗಿಯ ಬಳಿ 2. ಅಂದರೆ ತಂಗಿ ಓಟ ಶುರು ಮಾಡುವುದೇ 17 ಲಕ್ಷ ಹಿಂದಿನಿಂದ. ಮೊದಲ ವರ್ಷ ತಂಗಿಗೆ 9, ಅಕ್ಕನಿಗೆ 7.15. ತಂಗಿ ಒಂದು ಲಕ್ಷ 85 ಸಾವಿರ ಹತ್ತಿರ ಬಂದಳು. ಮರುವರ್ಷ 9.9, ಅಕ್ಕನಿಗೆ 7.57. ಹೀಗೆ ಬರೆಯುತ್ತಾ ಹೋದರೆ ಇಬ್ಬರ ಒಟ್ಟು ಗಳಿಕೆ ಸಮನಾಗುವುದು 30 ತುಂಬಿದ ಮೇಲೆ, ಆರನೇ ವರ್ಷದಲ್ಲಿ. ಅಲ್ಲಿಂದಾಚೆ ತಂಗಿ ಮುಂದೆ.

ಈಗ ಲೆಕ್ಕದಲ್ಲಿ ಒಂದೇ ಒಂದು ಸಂಖ್ಯೆ ಬದಲಿಸೋಣ. ತಂಗಿ ಪಾಸಾಗಿದ್ದು 25ಕ್ಕಲ್ಲ, 28ಕ್ಕೆ. ಸಂಬಳ ಅದೇ 9 ಲಕ್ಷ, ಏರಿಕೆ ಅದೇ ಶೇಕಡ 10. ಅಷ್ಟರಲ್ಲಿ ಅಕ್ಕ ಗಳಿಸಿರುವುದು ಸುಮಾರು 42 ಲಕ್ಷ. ಅವಳ ಸಂಬಳವೂ ಎಂಟೂವರೆ ಲಕ್ಷಕ್ಕೆ ಏರಿದೆ, ಹಾಗಾಗಿ ಮೊದಲ ವರ್ಷ ತಂಗಿ ಹತ್ತಿರ ಬರುವುದು ಬರೀ 49 ಸಾವಿರ. ಇಬ್ಬರೂ ಸಮನಾಗುವಾಗ ವಯಸ್ಸು 39 ದಾಟಿರುತ್ತದೆ!

ಪಾಸಾಗಿದ್ದು ಮೂರು ವರ್ಷ ತಡ, ಸಮನಾಗಿದ್ದು ಒಂಬತ್ತು ವರ್ಷ ತಡ. ಮಕ್ಕಳೇ, ಇದನ್ನು ನಂಬಬೇಡಿ, ನೀವೇ ಮಾಡಿ ನೋಡಿ. 6ನ್ನು 1.06ರಿಂದ ಗುಣಿಸುತ್ತಾ ಒಂದು ಸಾಲು, 9ನ್ನು 1.1ರಿಂದ ಗುಣಿಸುತ್ತಾ ಇನ್ನೊಂದು ಸಾಲು. ಚಕ್ರಬಡ್ಡಿ ಪಾಠ ಓದಿದವರಿಗೆ ಕಷ್ಟವೇನಲ್ಲ.

ಇಷ್ಟರಿಂದ ಅಕ್ಕನೇ ಜಾಣೆ ಎಂದು ತೀರ್ಪು ಕೊಡಲಾಗದು. 25ರಿಂದ 28ರವರೆಗೆ ತಂಗಿ ಕೈಕಟ್ಟಿ ಕೂತಿರುವುದಿಲ್ಲ. ಇಂಟರ್ ಆಗಿ, ತರಬೇತಿ ಮುಗಿಸಿದವರನ್ನು ಲೆಕ್ಕಪತ್ರದ ಕಚೇರಿಗಳು ಕರೆದು ಕೆಲಸ ಕೊಡುತ್ತವೆ. ವರ್ಷಕ್ಕೆ 3 ಲಕ್ಷದಂತೆ ದುಡಿದುಕೊಂಡೇ ಓದಿದರೆ ಸಮನಾಗುವ ವಯಸ್ಸು 38ರೊಳಗೆ ಬರುತ್ತದೆ. ಇನ್ನು ಅಕ್ಕನ ಕಡೆಯೂ ಇಷ್ಟು ಸಲೀಸಲ್ಲ. ಆಡಿಟರ್ ಹುದ್ದೆಯ ಪರೀಕ್ಷೆಗೆ ದೇಶದ ಮೂಲೆ ಮೂಲೆಯಿಂದ ಲಕ್ಷಗಟ್ಟಲೆ ಮಂದಿ ಕೂರುತ್ತಾರೆ, ಒಂದೇ ವರ್ಷದಲ್ಲಿ ಗಿಟ್ಟಿಸುವುದು ಅದೃಷ್ಟವಂತರಿಗೆ. ಸಿಗದಿದ್ದರೆ ಕೈಯಲ್ಲಿ ಉಳಿಯುವುದು ಬಿ.ಕಾಂ. ಒಂದೇ. ಬ್ಯಾಂಕಿನ ದಾರಿಯೂ ಇದೆ. ಸರ್ಕಾರಿ ಬ್ಯಾಂಕಿನ ಗುಮಾಸ್ತರ ಮೂಲ ವೇತನ ಈಗ 24,050ರಿಂದ, ಅಧಿಕಾರಿಗಳದು 48,480ರಿಂದ ಆರಂಭ. ಭತ್ಯೆಗಳು ಬೇರೆ.

ಪ್ಯಾಕೇಜು ಮತ್ತು ಮಧ್ಯಾಂಕ

'ಹೊಸ ಸಿ.ಎ.ಗೆ ಇಷ್ಟು ಲಕ್ಷದ ಪ್ಯಾಕೇಜ್' ಎಂದು ಸುದ್ದಿ ಬಂದಾಗ ಅಜ್ಜಂದಿರು ಅದನ್ನು 12ರಿಂದ ಭಾಗಿಸಿ ತಿಂಗಳ ಸಂಬಳ ಎಂದುಕೊಳ್ಳುತ್ತಾರೆ. ಹಾಗಲ್ಲ. ಕಂಪನಿಗಳು ಹೇಳುವ ಮೊತ್ತದಲ್ಲಿ ಕಂಪನಿಯವರು ಭವಿಷ್ಯನಿಧಿಗೆ ಹಾಕುವ ಶೇಕಡ 12, ಗ್ರಾಚ್ಯುಟಿಗೆಂದು ತೆಗೆದಿಡುವ ಶೇಕಡ 4.81, ಕೊಟ್ಟರೆ ಕೊಟ್ಟರು ಎನ್ನುವಂಥ ಬೋನಸ್ಸು ಎಲ್ಲ ಸೇರಿರಬಹುದು. ಕೈಗೆ ಬರುವುದು ಕಡಿಮೆ. ಸಂಬಳ ಹೋಲಿಸುವಾಗ ಕೇಳಬೇಕಾದ್ದು 'ಪ್ಯಾಕೇಜ್ ಎಷ್ಟು' ಅಂತಲ್ಲ, 'ತಿಂಗಳಿಗೆ ಕೈಗೆಷ್ಟು' ಎಂದು.

ಇನ್ನೊಂದು ಮೋಸ ಸರಾಸರಿಯದು. ಐದು ಜನ ಹೊಸ ಸಿ.ಎ.ಗಳಿಗೆ ವರ್ಷಕ್ಕೆ 7, 8, 8, 9 ಮತ್ತು 48 ಲಕ್ಷ ಸಿಕ್ಕಿತು ಎನ್ನಿ. ಒಟ್ಟು 80, ಸರಾಸರಿ 16 ಲಕ್ಷ. ಆದರೆ ಐವರಲ್ಲಿ ಯಾರಿಗೂ 16 ಬಂದಿಲ್ಲ, ನಾಲ್ವರಿಗೆ ಅದರ ಹತ್ತಿರಕ್ಕೂ ಬಂದಿಲ್ಲ. ಸಾಲಾಗಿ ನಿಲ್ಲಿಸಿ ನಡುವಿನವರನ್ನು ನೋಡಿದರೆ 8 ಲಕ್ಷ. ಅದೇ ಮಧ್ಯಾಂಕ. ಎಸ್ಸೆಸ್ಸೆಲ್ಸಿಯಲ್ಲಿ ಅಂಕಕ್ಕಾಗಿ ಕಲಿತು ಮರೆಯುವ ಈ ಪಾಠ ಜೀವನದಲ್ಲಿ ಎಷ್ಟು ಉಪಯೋಗಕ್ಕೆ ಬರುತ್ತದೆ ನೋಡಿ. ಪತ್ರಿಕೆಯಲ್ಲಿ ಬರುವುದು ಸಾಮಾನ್ಯವಾಗಿ ಆ 48 ಲಕ್ಷದವರ ಫೋಟೊ.

ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ ಮಧ್ಯಾಂಕವನ್ನೇ ಕೊಡುತ್ತದೆ. 2023ರಲ್ಲಿ ಅಲ್ಲಿನ ಅಕೌಂಟೆಂಟ್ ಮತ್ತು ಆಡಿಟರುಗಳ ವಾರ್ಷಿಕ ಸಂಬಳದ ಮಧ್ಯಾಂಕ 79,880 ಡಾಲರ್. ಆಗಿನ ದರದಲ್ಲಿ 83ರಿಂದ ಗುಣಿಸಿ 66 ಲಕ್ಷ ರೂಪಾಯಿ ಎಂದು ಕಣ್ಣರಳಿಸುವ ಮೊದಲು ಅಲ್ಲಿನ ಮನೆಬಾಡಿಗೆ, ವೈದ್ಯರ ಬಿಲ್ಲನ್ನೂ 83ರಿಂದಲೇ ಗುಣಿಸಬೇಕು. ಆದರೆ ಈ ಅಂತರ ಬೆಂಗಳೂರಿಗೆ ಕೆಲಸ ತಂದಿರುವುದು ನಿಜ. ಅಮೆರಿಕದವರ ತೆರಿಗೆ ಪತ್ರಗಳನ್ನು ತುಂಬುವ ದೊಡ್ಡ ದೊಡ್ಡ ಕಚೇರಿಗಳು ಇಲ್ಲಿವೆ. ಅಲ್ಲಿ ತೆರಿಗೆಗೆ ಕೊನೆಯ ದಿನ ಏಪ್ರಿಲ್ 15. ಹಾಗಾಗಿ ಯುಗಾದಿಗೆ ಊರಿಗೆ ಬರಲಾಗದ ಮಗ ಫೋನಿನಲ್ಲಿ 'ಇದು ಬ್ಯುಸಿ ಸೀಸನ್ ಅಜ್ಜೀ' ಎಂದರೆ ಅವನು ನೆಪ ಹೇಳುತ್ತಿಲ್ಲ.

ಊರಿನಲ್ಲೇ ಬೋರ್ಡು ಹಾಕಿದರೆ

ಎಲ್ಲ ಸಿ.ಎ.ಗಳೂ ಸಂಬಳಕ್ಕೆ ದುಡಿಯುವುದಿಲ್ಲ. ತಾಲ್ಲೂಕು ಕೇಂದ್ರದಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಮೊದಲ ಮಹಡಿಯಲ್ಲಿ ಒಂದು ಕೋಣೆ, ಕಪಾಟು ತುಂಬ ಫೈಲು, ಇಬ್ಬರು ಹುಡುಗರು. ಇವರ ಆದಾಯಕ್ಕೆ ಯಾವ ಪಟ್ಟಿಯೂ ಇಲ್ಲ. ಆರಂಭದ ವರ್ಷಗಳಲ್ಲಿ ನೌಕರಿಗೆ ಹೋದ ಗೆಳೆಯನಿಗಿಂತ ಕಡಿಮೆ ಬರುವುದೇ ಹೆಚ್ಚು. ಜಾಹೀರಾತಿನ ವಿಷಯದಲ್ಲಿ ಇವರ ವೃತ್ತಿನಿಯಮ ಮೊದಲಿನಿಂದಲೂ ಬಿಗಿ, ಆದ್ದರಿಂದ ಬಾಯಿಮಾತೇ ಬಂಡವಾಳ. ಅಡಿಕೆ ಮಂಡಿಯವರು ಒಬ್ಬರು ಬಂದರೆ ಅವರ ಭಾವ, ಭಾವನ ಪಾಲುದಾರ ಹೀಗೆ ಬರುತ್ತಾರೆ. ತೆರಿಗೆ ಕಾಯ್ದೆಯ ಆಡಿಟ್‌ಗಳಿಗೆ ಒಬ್ಬ ಸಿ.ಎ.ಗೆ ವರ್ಷಕ್ಕೆ 60 ಎಂಬ ಮಿತಿಯಿದೆ, ಅಂದರೆ ಬೇಕೆಂದಷ್ಟು ಸಹಿ ಹಾಕಿ ದುಡಿಯುವಂತಿಲ್ಲ. ಆದರೆ 60 ತುಂಬಿದಾಗ ನಿವೃತ್ತಿ ಎನ್ನುವುದೂ ಇಲ್ಲ. ಎಪ್ಪತ್ತರ ಮೇಲೂ ದಿನಾ ಕಚೇರಿಗೆ ಹೋಗುವ ಸಿ.ಎ.ಗಳು ಪ್ರತಿ ಊರಿನಲ್ಲೂ ಸಿಗುತ್ತಾರೆ.

ಅಂಗಡಿ, ಮಿಲ್ಲು, ಆಸ್ಪತ್ರೆಗಳಲ್ಲಿ ದಿನದ ಲೆಕ್ಕ ಬರೆಯುವ ಅಕೌಂಟೆಂಟರ ಬಗ್ಗೆ ಯಾರೂ ಲೇಖನ ಬರೆಯುವುದಿಲ್ಲ. ಸಂಖ್ಯೆಯಲ್ಲಿ ಇವರೇ ಹೆಚ್ಚು. ಕಿರ್ದಿ, ಖತಾವಣಿ ಪುಸ್ತಕಗಳ ಬದಲು ಈಗ ಟ್ಯಾಲಿ ಎಂಬ ತಂತ್ರಾಂಶ. ಅದು ನಮ್ಮ ಬೆಂಗಳೂರಿನದೇ. 1986ರಲ್ಲಿ ಶ್ಯಾಮಸುಂದರ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರದ ಲೆಕ್ಕಕ್ಕೆ ಒಪ್ಪುವ ತಂತ್ರಾಂಶ ಸಿಗದಿದ್ದಾಗ ಮಗ ಭರತ್ ಗೋಯೆಂಕಾ ತಾವೇ ಬರೆದುಕೊಟ್ಟರು. ಟ್ಯಾಲಿ ಕಲಿಯಲು ಕೆಲವು ತಿಂಗಳು ಸಾಕು, ಕೆಲಸವೂ ಬೇಗ ಸಿಗುತ್ತದೆ. ಬೇಗ ಕಲಿಯಬಹುದಾದ ಕೆಲಸಕ್ಕೆ ಬರುವವರೂ ಹೆಚ್ಚು, ಅದಕ್ಕೇ ಸಂಬಳ ಏರುವುದು ನಿಧಾನ. ಹೊಸಬ ಹುಡುಗ ಅದರಲ್ಲೇ ನಿಲ್ಲದೆ ಜಿ.ಎಸ್.ಟಿ. ರಿಟರ್ನ್ ತುಂಬುವುದು, ಬ್ಯಾಂಕಿನ ಸಾಲಕ್ಕೆ ಬೇಕಾದ ಪತ್ರ ಸಿದ್ಧಪಡಿಸುವುದು ಕಲಿತರೆ ಯಜಮಾನರು ಅವನನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ಅಜ್ಜನ ಪಿಂಚಣಿ ಮೊಮ್ಮಗಳಿಗಿಲ್ಲ

'ಸರ್ಕಾರಿ ಕೆಲಸ ಸಿಕ್ಕರೆ ಸಾಕು, ಸಾಯುವವರೆಗೂ ಪೆನ್ಶನ್' ಎನ್ನುವುದು ಹಿರಿಯರ ಅನುಭವದ ಮಾತು. ಆದರೆ ಆ ನಿಯಮ ಬದಲಾಗಿದೆ. 2004ರ ಜನವರಿ 1ರ ನಂತರ ಕೇಂದ್ರ ಸರ್ಕಾರಕ್ಕೆ, 2006ರ ಏಪ್ರಿಲ್ 1ರ ನಂತರ ಕರ್ನಾಟಕ ಸರ್ಕಾರಕ್ಕೆ ಸೇರಿದವರು ಹಳೆಯ ಪಿಂಚಣಿಯ ಬದಲು ಎನ್.ಪಿ.ಎಸ್. ವ್ಯವಸ್ಥೆಗೆ ಬಂದರು. ಅದರಲ್ಲಿ ಪ್ರತಿ ತಿಂಗಳು ತಮ್ಮ ಸಂಬಳದಿಂದಲೂ ಹಣ ಕಟ್ಟಬೇಕು, ಕೊನೆಗೆ ಬರುವುದು ಮಾರುಕಟ್ಟೆಯ ಏರಿಳಿತಕ್ಕೆ ಬಿಟ್ಟದ್ದು. 2025ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರ ಏಕೀಕೃತ ಪಿಂಚಣಿ ಎಂಬ ಇನ್ನೊಂದು ಆಯ್ಕೆ ಕೊಟ್ಟಿದೆ. 25 ವರ್ಷ ಸೇವೆ ಮಾಡಿದವರಿಗೆ ಕೊನೆಯ 12 ತಿಂಗಳ ಮೂಲ ವೇತನದ ಸರಾಸರಿಯ ಅರ್ಧ ಖಾತರಿ. ಅದಕ್ಕೂ ನೌಕರರು ಹಣ ಕಟ್ಟಬೇಕು. ಮೇಲಿನ ಓಟದಲ್ಲಿ ಅಕ್ಕನಿಗೆ ಈ ಖಾತರಿ ಸಿಗುತ್ತದೆ. ತಂಗಿ ತನ್ನ ಮುಪ್ಪಿಗೆ ತಾನೇ ಕೂಡಿಡಬೇಕು, 30ರಲ್ಲಿ ಅಕ್ಕನನ್ನು ಹಿಂದೆ ಹಾಕಿದೆನೆಂದು ಕಾರು ಕೊಂಡು ಕೂತರೆ ಆಗದು.

ಈ ವಾರದ ಮನೆಲೆಕ್ಕ

ಮನೆಯ ಹಿರಿಯರನ್ನು ಅವರ ಮೊದಲ ತಿಂಗಳ ಸಂಬಳ ಎಷ್ಟಿತ್ತೆಂದು ಕೇಳಿ ಬರೆದುಕೊಳ್ಳಿ. ಆ ವರ್ಷ ಒಂದು ಗ್ರಾಂ ಬಂಗಾರ, ಒಂದು ಸೇರು ಅಕ್ಕಿ, ಒಂದು ಮಸಾಲೆದೋಸೆಗೆ ಎಷ್ಟಿತ್ತೆಂದೂ ಕೇಳಿ. ಸಂಬಳವನ್ನು ಒಂದೊಂದರಿಂದ ಭಾಗಿಸಿ. ಈಗ ಅಪ್ಪನದೋ ಚಿಕ್ಕಮ್ಮನದೋ ಮೊದಲ ಸಂಬಳ, ಅವರು ಕೆಲಸಕ್ಕೆ ಸೇರಿದ ವರ್ಷದ ಬೆಲೆಗಳನ್ನು ಹಾಕಿ ಅದನ್ನೇ ಮತ್ತೆ ಮಾಡಿ. ದೋಸೆಯಲ್ಲಿ ಅಳೆದಾಗ ಗೆದ್ದವರು ಬಂಗಾರದಲ್ಲಿ ಅಳೆದಾಗ ಸೋಲಬಹುದು. ಬಂಗಾರದ ಆಗಿನ ಬೆಲೆ ಅಜ್ಜನಿಗೆ ನೆನಪಿಲ್ಲದಿದ್ದರೆ ಅಜ್ಜಿಯನ್ನು ಕೇಳಿ.